ಊಟದ ಅಭ್ಯಾಸ ನಿಧಾನವಾಗಿ ತಿದ್ದಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡಯಟ್ ಶುರು ಮಾಡಿ ನಡುವೆ ಕೈಬಿಟ್ಟವರು ಕೇಳುವ ಪ್ರಶ್ನೆಗಳೇ ಇಲ್ಲಿ ಹೆಚ್ಚಾಗಿವೆ. ಸೋಮವಾರ ಹುಮ್ಮಸ್ಸಿನಿಂದ ಹೊರಟು ಗುರುವಾರದ ಹೊತ್ತಿಗೆ ಸುಸ್ತಾಗುವ ಆರಂಭಶೂರತ್ವ ನನಗೂ ಹೊಸದಲ್ಲ. ಅಂಥ ನಾಲ್ಕೈದು ಪ್ರಯತ್ನ ಮಣ್ಣುಪಾಲಾದ ಮೇಲೆಯೇ ನಿಧಾನದ ದಾರಿ ಹಿಡಿದದ್ದು. ಎಲ್ಲವನ್ನೂ ಸಾಲಾಗಿ ಓದಬೇಕೆಂದಿಲ್ಲ. ಆದರೆ ಯಾವುದಾದರೂ ಕಾಯಿಲೆಗೆ ದಿನಾ ಮಾತ್ರೆ ತೆಗೆದುಕೊಳ್ಳುವವರಾದರೆ, ವೈದ್ಯರನ್ನು ಯಾರು ಕೇಳಬೇಕು ಎಂಬ ಪ್ರಶ್ನೆ ಕೆಳಗಡೆ ಇದೆ, ಅದನ್ನು ಮೊದಲು ಓದಿ.

ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ಬೇಗ ಫಲ ಸಿಗುವುದಿಲ್ಲವೆ?

ಸಿಗುತ್ತದೆ, ಒಂದು ವಾರದ ಮಟ್ಟಿಗೆ. ಊಟವನ್ನು ಏಕಾಏಕಿ ಅರ್ಧಕ್ಕಿಳಿಸಿದರೆ ದೇಹ ಮೊದಲು ಕೈ ಹಾಕುವುದು ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ದಾಸ್ತಾನಿಗೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ದಾಸ್ತಾನು ಕರಗಿದಾಗ ಆ ನೀರೂ ಹೋಗುತ್ತದೆ, ತೂಕದ ಮುಳ್ಳು ಸರ್ರನೆ ಇಳಿಯುತ್ತದೆ, ಕೊಬ್ಬೇ ಕರಗಿತೆಂದು ನಾವು ಹಿಗ್ಗುತ್ತೇವೆ. ಎರಡು ದಿನ ಹೊಟ್ಟೆ ತುಂಬ ಉಂಡರೆ ನೀರು ವಾಪಸ್, ತೂಕವೂ ವಾಪಸ್.

ಆಮೇಲೆ ಹಸಿವಿನ ಸರದಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರು ತೆಳ್ಳಗಾದದ್ದರಲ್ಲಿ ಆಶ್ಚರ್ಯವಿಲ್ಲ. ತಲೆಯೊಳಗೆ ಆದದ್ದು ಆಶ್ಚರ್ಯ: ಹಗಲಿಡೀ ಊಟದ್ದೇ ಮಾತು, ಅಡುಗೆ ಪುಸ್ತಕಗಳ ಹುಚ್ಚು, ಸಣ್ಣ ವಿಷಯಕ್ಕೆ ಸಿಡುಕು, ಮಂಕು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದಾಯಿತು. ನಮ್ಮ ಡಯಟ್ ಅಷ್ಟು ಕಠೋರವಲ್ಲ, ಸರಿ. ಆದರೂ ಒಂಬತ್ತನೇ ದಿನ ಮಧ್ಯರಾತ್ರಿ ಫ್ರಿಜ್ಜಿನ ಮುಂದೆ ನಿಂತವರಿಗೆ ಆ ಯುವಕರ ಪಾಡು ಸ್ವಲ್ಪವಾದರೂ ಅರ್ಥವಾಗುತ್ತದೆ.

ಹಾಗಾದರೆ ಮೊದಲು ಯಾವುದನ್ನು ಬದಲಿಸಲಿ?

ಮೊದಲ ಮೂರು ದಿನ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೆ. ಬಾಯಿಗೆ ಹೋದದ್ದೆಲ್ಲ ಬರಲಿ: ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಗು ಅರ್ಧ ಕಚ್ಚಿಬಿಟ್ಟ ಬಿಸ್ಕತ್ತು, ಸಹೋದ್ಯೋಗಿಯ ಮೇಜಿನಿಂದ ಎತ್ತಿದ ಚಾಕಲೇಟು. ಮೂರನೇ ದಿನ ರಾತ್ರಿ ಆ ಹಾಳೆ ನೋಡಿದರೆ ಒಂದು ಸಾಲು ದಿನಾ ಮರುಕಳಿಸುತ್ತಿರುತ್ತದೆ. ಅದರಿಂದ ಶುರು ಮಾಡಿ. ವರ್ಷಕ್ಕೆ ನಾಲ್ಕು ಸಲ ತಿನ್ನುವ ಕೇಕಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ದಿನಕ್ಕೆ ನಾಲ್ಕು ಸಲ ಕುಡಿಯುವುದರ ಬಗ್ಗೆ ಇದೆ.

ಯಾವುದೂ ಹೊಳೆಯದಿದ್ದರೆ ಕುಡಿಯುವ ಪದಾರ್ಥದಿಂದ ಹೊರಡಿ. ತಂಪು ಪಾನೀಯದ 330 ಮಿ.ಲೀ. ಟಿನ್ ಒಂದರಲ್ಲಿ ಸುಮಾರು 35 ಗ್ರಾಂ, ಅಂದರೆ ಎಂಟೊಂಬತ್ತು ಚಮಚ ಸಕ್ಕರೆ ಇರುತ್ತದೆ. ಮೇಲಿಂದ ಸೇರಿಸಿದ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸದಲ್ಲಿರುವ ಸಕ್ಕರೆ, ಇವೆಲ್ಲ ಸೇರಿ ದಿನದ ಒಟ್ಟು ಶಕ್ತಿಯ 10% ಮೀರಬಾರದು, 5%ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಒಂದೇ ಟಿನ್ 25ರ ಗಡಿ ದಾಟಿಸಿಬಿಡುತ್ತದೆ. ಅಷ್ಟಾಗಿಯೂ ಹೊಟ್ಟೆ ತುಂಬಿದ ಹಾಗಿರುವುದಿಲ್ಲ, ಮುಂದಿನ ಊಟ ಒಂದು ತುತ್ತೂ ಕಡಿಮೆಯಾಗುವುದಿಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದಂತೆ, ಹೌದೆ?

ಆ 21ರ ಮೂಲ ಊಟದಲ್ಲಿಲ್ಲ. ಮುಖದ ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಎಂದರೂ 21 ದಿನ ಬೇಕಾಗುತ್ತದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆ ಎಂದರೂ' ಉದುರಿಹೋಯಿತು, ಮುಖವೂ ಉದುರಿಹೋಯಿತು, 21 ಉಳಿಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ ಇದೆ. ಊಟದ ಜೊತೆ ಹಣ್ಣು ತಿನ್ನುವುದು, ಒಂದು ಲೋಟ ನೀರು ಕುಡಿಯುವುದು, ಇಂಥ ಒಂದೇ ಒಂದು ಕೆಲಸವನ್ನು ಪ್ರತಿಯೊಬ್ಬರೂ ಆರಿಸಿಕೊಂಡಿದ್ದರು. ಅದು ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರ ಅಂದಾಜು 254ಕ್ಕೆ ಹೋಗಿತ್ತು. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ರೂಢಿಯಾಗುತ್ತದೆ, ಕಷ್ಟದ್ದು ತಡ. ಇದೇ ಅಧ್ಯಯನದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ.

ಚಹಾಕ್ಕೆ ಸಕ್ಕರೆ ಬಿಡಲು ಆಗುತ್ತಲೇ ಇಲ್ಲ. ಏನು ಮಾಡಲಿ?

ಬಿಡಬೇಡಿ, ಇಳಿಸಿ. ನನ್ನದೇ ಲೆಕ್ಕ ಹೇಳುತ್ತೇನೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ 4 ಗ್ರಾಂ ಹಿಡಿದರೆ ದಿನಕ್ಕೆ 32 ಗ್ರಾಂ, ಬರೀ ಚಹಾದಿಂದ. ಮೊದಲ ಸಲ ಪೂರ್ತಿ ನಿಲ್ಲಿಸಿದೆ. ಮೂರು ದಿನ ಕಷಾಯ ಕುಡಿದ ಹಾಗೆ ಮುಖ ಕಿವುಚಿಕೊಂಡು ನಾಲ್ಕನೇ ದಿನ ಮೂರು ಚಮಚ ಹಾಕಿಕೊಂಡೆ.

ಎರಡನೇ ಸಲ ಚಮಚವನ್ನೇ ಸರಿಯಾಗಿ ನೋಡಿದೆ. ನಾನು ಎರಡು ಅಂದುಕೊಂಡದ್ದು ಗೋಪುರದ ಹಾಗೆ ಏರಿಸಿದ ಎರಡು. ಮೊದಲ ಎರಡು ವಾರ ಮಾಡಿದ್ದು ಇಷ್ಟೇ, ಡಬ್ಬಿಯ ಅಂಚಿಗೆ ಚಮಚ ಸವರಿ ಸಮ ಮಾಡುವುದು. ಚಹಾದಲ್ಲಿ ವ್ಯತ್ಯಾಸ ಗೊತ್ತಾಗಲೇ ಇಲ್ಲ. ಆಮೇಲೆ ಎರಡೆರಡು ವಾರಕ್ಕೆ ಕಾಲು ಕಾಲು ಚಮಚ ಇಳಿಸಿದೆ. ಒಂದೂಕಾಲಿನಿಂದ ಒಂದಕ್ಕೆ ಬಂದಾಗ ಸ್ವಲ್ಪ ತಕರಾರು ಬಂತು, ಅಲ್ಲಿ ಮೂರು ವಾರ ನಿಂತೆ. ಅರ್ಧ ಚಮಚಕ್ಕೆ ಬರಲು ಹೆಚ್ಚುಕಡಿಮೆ ನಾಲ್ಕು ತಿಂಗಳು ಹಿಡಿಯಿತು. ಈಗ ಯಾರದಾದರೂ ಮನೆಯಲ್ಲಿ ಎರಡು ಚಮಚದ ಚಹಾ ಕೊಟ್ಟರೆ ಪಾಕ ಕುಡಿದಂತಾಗುತ್ತದೆ.

ಉಪ್ಪೂ ಹೀಗೆಯೇ ಇಳಿಯುತ್ತದೆಯೆ?

ಇಳಿಯುತ್ತದೆ, ಇನ್ನೂ ಚೆನ್ನಾಗಿ. ಕಡಿಮೆ ಉಪ್ಪಿಗೆ ನಾಲಿಗೆ ಕೆಲವು ವಾರಗಳಿಂದ ಎರಡು-ಮೂರು ತಿಂಗಳೊಳಗೆ ಒಗ್ಗಿಕೊಳ್ಳುತ್ತದೆ. ಹಳೆಯ ಅಳತೆಯೇ ಆಮೇಲೆ ಉಪ್ಪುಪ್ಪಾಗಿ ತೋರುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸವರಿದ ಒಂದು ಟೀ ಚಮಚದಷ್ಟು, ಇಡೀ ದಿನಕ್ಕೆ, ಎಲ್ಲ ಸೇರಿ. 'ಎಲ್ಲ' ಎಂದರೆ ಬ್ರೆಡ್ಡು, ಚೀಸು, ಸಾಸು, ಚಿಪ್ಸಿನಲ್ಲಿ ಅವಿತಿರುವುದೂ ಬಂತು. ಲೇಬಲ್ಲಿನ ಮೇಲೆ ಸೋಡಿಯಂ ಎಂದಷ್ಟೇ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ.

ಸುಲಭದ ಮೊದಲ ಹೆಜ್ಜೆ: ಉಪ್ಪಿನ ಡಬ್ಬಿ ಊಟದ ಮೇಜಿನಿಂದ ಒಳಗೆ ಹೋಗಲಿ. ಅಡುಗೆ ಸಪ್ಪೆ ಎನಿಸಿದಾಗ ಮೊದಲು ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಎಷ್ಟೋ ಸಲ ನಾಲಿಗೆ ಕೇಳುತ್ತಿದ್ದದ್ದು ಹುಳಿಯನ್ನೇ.

ಸಕ್ಕರೆ ಬದಲು ಕೃತಕ ಸಿಹಿ ಹಾಕಿಕೊಳ್ಳಬಹುದೆ?

ತೂಕ ಹತೋಟಿಗೆಂದು ಅದನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದಿಲ್ಲ. ನನ್ನ ತಕರಾರು ಬೇರೆ: ನಾಲಿಗೆ ಅದೇ ಸಿಹಿಯಲ್ಲೇ ಉಳಿದುಬಿಡುತ್ತದೆ, ಇಳಿಯುವ ಅವಕಾಶವೇ ಸಿಗುವುದಿಲ್ಲ.

ತರಕಾರಿ ಕಂಡರಾಗದು. ಮಾತ್ರೆ ನುಂಗಿದರೆ ಸಾಲದೆ?

ಸಾಲದು. ವಿಟಮಿನ್ ಮಾತ್ರೆಯಲ್ಲಿ ನಾರು ಇರುವುದಿಲ್ಲ, ಹೊಟ್ಟೆ ತುಂಬಿಸುವ ಗುಣವೂ ಇಲ್ಲ. ದಿನಕ್ಕೆ ಹಣ್ಣು-ತರಕಾರಿ ಸೇರಿ ಕನಿಷ್ಠ 400 ಗ್ರಾಂ ಎನ್ನುವುದು ಎಲ್ಲೆಡೆ ಒಪ್ಪಿದ ಗುರಿ. ಸುಮಾರು 80 ಗ್ರಾಂನ ಐದು ಪಾಲು, ಪಾಲಿಗೊಂದು ಹಿಡಿ ಎಂದಿಟ್ಟುಕೊಳ್ಳಿ. ಆಲೂಗಡ್ಡೆ ಈ ಲೆಕ್ಕಕ್ಕೆ ಸೇರುವುದಿಲ್ಲ, ಕ್ಷಮಿಸಿ.

'ತರಕಾರಿ ಇಷ್ಟವಿಲ್ಲ' ಎನ್ನುವವರನ್ನು ಕೆದಕಿ ಕೇಳಿದರೆ ಬಹುಪಾಲು ಇಷ್ಟವಿಲ್ಲದ್ದು ಬೆಂದು ಬೆಂದು ಮೆತ್ತಗಾದ ತರಕಾರಿ. ಎಲೆಕೋಸು, ಹೂಕೋಸು ಹೆಚ್ಚು ಹೊತ್ತು ಬೆಂದರೆ ಗಂಧಕದ ವಾಸನೆ ಹೊರಡುತ್ತದೆ, ಅದಕ್ಕೆ ಎಲ್ಲರೂ ಮೂಗು ಮುರಿಯುವವರೇ. ಅದೇ ಹೂಕೋಸನ್ನು ಸಣ್ಣಗೆ ಬಿಡಿಸಿ, ಒದ್ದೆ ಒರೆಸಿ, ಒಂದು ಚಮಚ ಎಣ್ಣೆ ಸವರಿ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೇ ಪದರವಾಗಿ ಹರವಿ. ಮೂರು ನಿಮಿಷ ಕೈಯಾಡಿಸಬೇಡಿ, ಇದೇ ಕಷ್ಟದ ಭಾಗ. ತಳ ಕಂದು ಬಣ್ಣಕ್ಕೆ ತಿರುಗಿದಾಗ ಮಗುಚಿ ಹಾಕಿ, ಕೊನೆಗೆ ಉಪ್ಪು, ಮೆಣಸು. ಅಂಚು ಗರಿಗರಿ, ಒಳಗೆ ತುಸು ಸಿಹಿ. ಬಾಣಲೆ ಕಿಕ್ಕಿರಿದರೆ ಮಾತ್ರ ನೀರು ಬಿಟ್ಟುಕೊಂಡು ಮತ್ತೆ ಅದೇ ಮೆತ್ತಗಿನ ಕಥೆ.

ಇನ್ನೊಂದು ಉಪಾಯ, ಹಸಿವು ಜೋರಾಗಿದ್ದಾಗಲೇ ತರಕಾರಿಯನ್ನು ಮುಂದಿಡುವುದು. ಅಡುಗೆ ಆಗುವ ಮೊದಲಿನ ಹತ್ತು ನಿಮಿಷ ಹೆಚ್ಚಿದ ಸೌತೆ, ಕ್ಯಾರೆಟ್ ಕೈಗೆ ಸಿಗುವಂತಿದ್ದರೆ ಯಾರು ತಿಂದರೆಂದೇ ತಿಳಿಯದ ಹಾಗೆ ತಟ್ಟೆ ಖಾಲಿಯಾಗಿರುತ್ತದೆ. ಹೆಚ್ಚಲು ಪುರುಸೊತ್ತಿಲ್ಲವೆ? ಫ್ರೋಜನ್ ತರಕಾರಿ ತನ್ನಿ, ಪೋಷಕಾಂಶದಲ್ಲಿ ಅದು ತಾಜಾಕ್ಕೆ ಸರಿಸಮವೇ. ಫ್ರಿಜ್ಜಿನ ಕೆಳಖಾನೆಯಲ್ಲಿ ವಾರದಿಂದ ಬಾಡುತ್ತಿರುವ ಸೊಪ್ಪಿಗಿಂತ ಎಷ್ಟೋ ವಾಸಿ.

ನಾರಿನಂಶ ಹೆಚ್ಚಿಸಿದೆ, ಹೊಟ್ಟೆ ಉಬ್ಬರ ಶುರುವಾಯಿತು. ನಿಲ್ಲಿಸಲೆ?

ಅವಸರ ನಿಲ್ಲಿಸಿ, ನಾರನ್ನಲ್ಲ. ನಾವು ಅರಗಿಸಲಾರದ ನಾರನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ, ಆಗ ಗ್ಯಾಸ್ ಹುಟ್ಟುತ್ತದೆ. ಆ ಜೀವಿಗಳ ಬಳಗ ಹೊಸ ಊಟಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ದೊಡ್ಡವರಿಗೆ ದಿನಕ್ಕೆ 25 ಗ್ರಾಂ ನಾರು ಬೇಕೆನ್ನುತ್ತಾರೆ. ಹತ್ತರಲ್ಲಿದ್ದವರು ಒಂದೇ ವಾರದಲ್ಲಿ ಅಲ್ಲಿಗೆ ಜಿಗಿದರೆ ಹೊಟ್ಟೆ ಗುಡುಗದೆ ಇರುತ್ತದೆಯೆ? ವಾರಕ್ಕೊಂದು ಬದಲಾವಣೆ ಸಾಕು. ಒಂದು ವಾರ ಸಿಪ್ಪೆ ಸಮೇತ ಸೇಬು, ಮುಂದಿನ ವಾರ ಎರಡು ದಿನ ಕಾಳು. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದರೆ ತೊಂದರೆ ಕಡಿಮೆ. ನೀರು ಕುಡಿಯುವುದು ಮರೆತರೆ ಮಾತ್ರ ನಾರು ಮಲಬದ್ಧತೆಯನ್ನೇ ಹೆಚ್ಚಿಸೀತು.

ಕ್ಯಾಲೊರಿ ಎಣಿಸಬೇಕೆ?

ಎಣಿಸಿದರೆ ಖುಷಿಯಾಗುವವರು ಎಣಿಸಲಿ. ಉಳಿದವರಿಗೆ ತಟ್ಟೆಯೇ ಅಳತೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದವರು 2011ರಲ್ಲಿ ಮುಂದಿಟ್ಟ ಚಿತ್ರ ನೆನಪಿಡಲು ಸುಲಭ: ಅರ್ಧ ತಟ್ಟೆ ತರಕಾರಿ-ಹಣ್ಣು, ಕಾಲು ಭಾಗ ಪಾಲಿಶ್ ಮಾಡದ ಧಾನ್ಯ, ಕಾಲು ಭಾಗ ಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನ್. ಇವತ್ತೇ ಅಳತೆಗೋಲು ಹಿಡಿದು ಕೂರಬೇಡಿ. ನಿಮ್ಮ ತಟ್ಟೆಯಲ್ಲಿ ಈಗ ಎರಡು ಚಮಚ ಪಲ್ಯವಿದ್ದರೆ ಈ ತಿಂಗಳು ಅದು ನಾಲ್ಕಾಗಲಿ. ಎಣ್ಣೆಯೊಂದರ ಮೇಲೆ ಕಣ್ಣಿರಲಿ, ಏಕೆಂದರೆ ಗ್ರಾಂಗೆ 9 ಕ್ಯಾಲೊರಿ ಅದರದ್ದು. ಪಿಷ್ಟ, ಪ್ರೋಟೀನುಗಳದ್ದು 4. ಬಾಟಲಿಯಿಂದ ನೇರ ಸುರಿಯುವ ಬದಲು ಚಮಚದಿಂದ ಹಾಕಿದರೆ ಎಷ್ಟು ಹೋಗುತ್ತಿತ್ತು ಎಂಬುದು ಕಾಣುತ್ತದೆ.

ಸಂಜೆ ಐದಕ್ಕೆ ಕೈ ತಾನಾಗಿ ಕುರುಕಲಿನ ಪೊಟ್ಟಣಕ್ಕೆ ಹೋಗುತ್ತದೆ. ನನ್ನ ಮನಸ್ಸೇ ಗಟ್ಟಿಯಿಲ್ಲವೆ?

ಮನಸ್ಸನ್ನು ಬಯ್ಯುವ ಮೊದಲು ಆ ಐದು ಗಂಟೆಯನ್ನು ಹತ್ತಿರದಿಂದ ನೋಡಿ. ಮಧ್ಯಾಹ್ನದ ಊಟವಾಗಿ ನಾಲ್ಕು ಗಂಟೆ ಕಳೆದಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಪೊಟ್ಟಣದೊಳಗೆ. ಕಣ್ಣು ಪರದೆಯ ಮೇಲಿದೆ, ಬೆರಳುಗಳಿಗೆ ತಳದ ಪುಡಿ ಹತ್ತಿದಾಗಲೇ ಮುಗಿಯಿತೆಂದು ತಿಳಿಯುವುದು. ಇಲ್ಲಿ ರುಚಿ ನೋಡಿದವರು ಯಾರು?

ಮೊದಲ ವಾರ ತಿನ್ನುವುದನ್ನು ನಿಲ್ಲಿಸದೆ, ಬಟ್ಟಲಿಗೆ ಸುರಿದುಕೊಂಡು ಪೊಟ್ಟಣವನ್ನು ಎದ್ದು ಹೋಗಿ ಒಳಗಿಟ್ಟು ಬನ್ನಿ. ಎರಡನೇ ವಾರ ಅದು ಮೇಲಿನ ಅಟ್ಟಕ್ಕೆ, ಕುರ್ಚಿ ಹಾಕಿ ಹತ್ತಬೇಕಾದ ಕಡೆಗೆ ಹೋಗಲಿ. ಅದರ ಜಾಗದಲ್ಲಿ ಕಣ್ಣಿಗೆ ಬೀಳುವಂತೆ ತೊಳೆದ ಹಣ್ಣು ಅಥವಾ ಒಂದು ಹಿಡಿ ಬಾದಾಮಿ, ಕಡಲೆಬೀಜ. ಸೋಮಾರಿತನ ನಮ್ಮ ಪರವಾಗಿ ಕೆಲಸ ಮಾಡುವುದು ಅಪರೂಪ, ಇಲ್ಲಿ ಮಾಡುತ್ತದೆ. ಮೂರನೆಯದಾಗಿ, 'ಸಂಜೆ ಆರೋಗ್ಯಕರವಾದದ್ದನ್ನು ತಿನ್ನುತ್ತೇನೆ' ಎನ್ನುವ ಸಂಕಲ್ಪಕ್ಕಿಂತ 'ಕಂಪ್ಯೂಟರ್ ಮುಚ್ಚಿದ ಕೂಡಲೆ ಬಾಳೆಹಣ್ಣು ಸುಲಿಯುತ್ತೇನೆ' ಎನ್ನುವುದು ನಿಲ್ಲುತ್ತದೆ. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಕಟ್ಟಿಟ್ಟ ಯೋಜನೆಗಳು ಬರೀ ಸಂಕಲ್ಪಕ್ಕಿಂತ ಹೆಚ್ಚು ಕೈಗೂಡುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದಾರೆ.

ನಿನ್ನೆ ಮದುವೆ ಊಟದಲ್ಲಿ ಎಲ್ಲ ಕೆಟ್ಟುಹೋಯಿತು. ಮತ್ತೆ ಮೊದಲಿಂದ ಶುರು ಮಾಡಬೇಕೆ?

ಇಲ್ಲ. ಮುಂದಿನ ಊಟದಿಂದ ಮುಂದುವರಿಸಿ. 'ಹೇಗೂ ಕೆಟ್ಟಿತಲ್ಲ' ಎಂಬ ಮಾತೇ ಮದುವೆ ಊಟಕ್ಕಿಂತ ದುಬಾರಿ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಎಲ್ಲರ ಮುಂದೂ ಐಸ್‌ಕ್ರೀಂ ಇಟ್ಟರು. ಬಾಯಿ ಕಟ್ಟುವ ಅಭ್ಯಾಸವಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು, ಹೊಟ್ಟೆ ತುಂಬಿತ್ತಲ್ಲ. ಸದಾ ಬಾಯಿ ಕಟ್ಟುವವರು, ಮಿಲ್ಕ್‌ಶೇಕ್ ಕುಡಿಯದಿದ್ದಾಗ ತಿಂದದ್ದಕ್ಕಿಂತ ಕುಡಿದ ಮೇಲೆಯೇ ಹೆಚ್ಚು ತಿಂದರು.

ಮರುದಿನ ಉಪವಾಸ ಮಾಡಿ ಸರಿದೂಗಿಸುವುದೂ ಬೇಡ. ಅದು ರಾತ್ರಿಯ ಹೊತ್ತಿಗೆ ಬಡ್ಡಿ ಸಮೇತ ವಸೂಲಾಗುತ್ತದೆ.

ಪೊಟ್ಟಣದ ಆಹಾರ ಪೂರ್ತಿ ಬಿಡಬೇಕೆ?

ಪೊಟ್ಟಣದಲ್ಲಿ ಬಂದದ್ದೆಲ್ಲ ಕೆಟ್ಟದ್ದಲ್ಲ. ಮೊಸರು, ಓಟ್ಸ್, ಫ್ರೋಜನ್ ಬಟಾಣಿ ಬರುವುದೂ ಪೊಟ್ಟಣದಲ್ಲೇ. ಗಮನಿಸಬೇಕಾದ್ದು ಅತಿಯಾಗಿ ಸಂಸ್ಕರಿಸಿದವನ್ನು, ಅಂದರೆ ಮನೆಯ ಅಡುಗೆಮನೆಯಲ್ಲಿ ಎಂದೂ ಕಾಣದ ಪದಾರ್ಥಗಳು ಸಾಲುಗಟ್ಟಿರುವ ತಿನಿಸುಗಳನ್ನು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರಿಗೆ ಎರಡು ವಾರ ಇಂಥ ಊಟ, ಎರಡು ವಾರ ಸಾದಾ ಊಟ ಕೊಟ್ಟಿತು. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮವಾಗಿದ್ದವು, ಬೇಕಾದಷ್ಟು ತಿನ್ನಬಹುದಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶ: ಸಂಸ್ಕರಿಸಿದ ಊಟದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 0.9 ಕೆ.ಜಿ. ಏರಿದರು, ಸಾದಾ ಊಟದಲ್ಲಿ ಅಷ್ಟೇ ಇಳಿದರು. ಮೆತ್ತಗಿನ ತಿನಿಸು ಬೇಗ ಬೇಗ ಒಳಗಿಳಿಯುತ್ತದೆ, ಸಾಕೆಂಬ ಸುದ್ದಿ ಹೊಟ್ಟೆಯಿಂದ ತಲೆಗೆ ತಲುಪುವಷ್ಟರಲ್ಲಿ ತಟ್ಟೆ ಖಾಲಿ.

ಅಂಗಡಿಯಲ್ಲಿ ನಿಂತಾಗ ಪೊಟ್ಟಣದ ಮುಂಭಾಗದ ಹೊಗಳಿಕೆ ಬಿಟ್ಟು ಹಿಂಭಾಗ ತಿರುಗಿಸಿ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಹೆಚ್ಚಿರುವುದು ಮೊದಲು. ಸಕ್ಕರೆ ಮೊದಲ ಮೂರರೊಳಗಿದ್ದರೆ ಅದು ಸಿಹಿತಿಂಡಿ, ಹೆಸರು ಏನೇ ಇರಲಿ. ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಫ್ರಕ್ಟೋಸ್ ಎಂಬ ವೇಷಗಳಲ್ಲೂ ಬರುವುದು ಸಕ್ಕರೆಯೇ.

ಮನೆಯಲ್ಲಿ ಮಕ್ಕಳು ಹೊಸದನ್ನು ಮುಟ್ಟುವುದೇ ಇಲ್ಲ.

ಎರಡು ಸಲ ಬೇಡ ಎಂದದ್ದನ್ನು ನಾವು 'ಅವನಿಗೆ ಸೇರಲ್ಲ' ಎಂದು ಷರಾ ಬರೆದುಬಿಡುತ್ತೇವೆ. ಒಂದು ಹೊಸ ರುಚಿ ಒಪ್ಪಲು ಚಿಕ್ಕ ಮಕ್ಕಳಿಗೆ ಎಂಟರಿಂದ ಹದಿನೈದು ಸಲವಾದರೂ ಅದು ಎದುರಾಗಬೇಕಾಗಬಹುದು. ಒಂದು ತುಂಡು ಸಾಕು, ಒತ್ತಾಯ ಬೇಡ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ. ತಿನ್ನಬೇಕೆ, ಎಷ್ಟು ಎಂಬುದು ಮಗುವಿನದು ಎಂದು ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿಕೊಟ್ಟ ಪಾಲು ಬಹಳ ಜಗಳ ತಪ್ಪಿಸುತ್ತದೆ. 'ಸೊಪ್ಪು ತಿಂದರೆ ಚಾಕಲೇಟು' ಎಂಬ ವ್ಯಾಪಾರದಲ್ಲಿ ಸೊಪ್ಪು ಶಿಕ್ಷೆಯಾಗಿ, ಚಾಕಲೇಟು ಬಹುಮಾನವಾಗಿ ಉಳಿಯುತ್ತದೆ. ಗಂಡ, ಹೆಂಡತಿ, ಅಪ್ಪ, ಅಮ್ಮನ ವಿಷಯದಲ್ಲಿ ಉಪದೇಶ ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಬೆಳಗಿನ ತಿಂಡಿ ಬಿಟ್ಟರೆ ತಪ್ಪೆ?

ಹಸಿವಿಲ್ಲದಿದ್ದರೆ ತಪ್ಪಲ್ಲ. ಬಿಟ್ಟ ದಿನ ಹನ್ನೊಂದಕ್ಕೆ ಸಿಕ್ಕಿದ್ದನ್ನು ತಿನ್ನುವವರಾದರೆ ಬಿಡಬೇಡಿ.

ತಿಂಗಳಾಯಿತು, ತೂಕ ಇಳಿದಿಲ್ಲವಲ್ಲ?

ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ, ಇವುಗಳಿಂದಲೇ ತೂಕ ದಿನದಿಂದ ದಿನಕ್ಕೆ ಒಂದೆರಡು ಕೆ.ಜಿ. ಹೆಚ್ಚುಕಡಿಮೆಯಾಗುತ್ತದೆ. ದಿನಾ ಹತ್ತಿ ಇಳಿದರೆ ತಲೆಬಿಸಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ನೋಡಿ. ನಿದ್ದೆಯನ್ನೂ ವಿಚಾರಿಸಿಕೊಳ್ಳಿ. ನಿದ್ದೆಗೆಟ್ಟ ಮರುದಿನ ಹಸಿವೇರಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಿ, ಸಾಕೆನ್ನುವ ಲೆಪ್ಟಿನ್ ಹಾರ್ಮೋನು ತಗ್ಗಬಹುದು. ಕರಿದದ್ದು, ಸಿಹಿ ಬೇಕೇ ಬೇಕೆನಿಸುವುದು ಅಂಥ ದಿನವೇ. ಇನ್ನು ಮಲಬದ್ಧತೆ ಕಡಿಮೆಯಾದದ್ದು, ಮಧ್ಯಾಹ್ನದ ತೂಕಡಿಕೆ ಹೋದದ್ದು ಮಾಪಕದಲ್ಲಿ ಕಾಣುವುದಿಲ್ಲ.

ವೈದ್ಯರನ್ನು ಕೇಳದೆ ಯಾರು ಊಟ ಬದಲಿಸಬಾರದು?

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು. ಔಷಧದ ಪ್ರಮಾಣ ಹಳೆಯದೇ ಇದ್ದು ಊಟ ಮಾತ್ರ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಬಿಡಬೇಕೆಂದಲ್ಲ, ದಿನಾ ಒಂದೇ ಅಳತೆಯಲ್ಲಿರಲಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಹಣ್ಣು-ತರಕಾರಿಯ ಪೊಟ್ಯಾಸಿಯಂ ಕೂಡ ಹೆಚ್ಚಾದೀತು. ಕಡಿಮೆ ಸೋಡಿಯಂ ಎಂದು ಮಾರುವ ಬದಲಿ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್, ಅದನ್ನು ಅವರು ಕೇಳದೆ ಮುಟ್ಟಲೇಬಾರದು. ಗರ್ಭಿಣಿಯರು, ಹಾಲೂಡಿಸುವವರು ಕೇಳಿಯೇ ಮುಂದುವರಿಯಲಿ. ಊಟದ ಯೋಚನೆ ದಿನವಿಡೀ ಬಿಡದೆ ಕಾಡುತ್ತಿದ್ದರೆ, ಗುಟ್ಟಾಗಿ ತಿನ್ನುವುದು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು ಆಗುತ್ತಿದ್ದರೆ, ಈ ಪುಟದ ಯಾವ ಉಪಾಯವೂ ನಿಮಗಲ್ಲ. ಅದು ಚಿಕಿತ್ಸೆಯಿರುವ ಕಾಯಿಲೆ, ವೈದ್ಯರ ಬಳಿ ಹೇಳಿಕೊಳ್ಳಿ.

ಮುಂದಿನ ಬದಲಾವಣೆಗೆ ಯಾವಾಗ ಕೈ ಹಾಕಲಿ?

ಹಿಂದಿನದು ನೆನಪಿಗೇ ಬಾರದಂತಾದಾಗ. 'ಇವತ್ತು ಮಾಡಿದೆನಾ?' ಎಂದು ಇನ್ನೂ ಕೇಳಿಕೊಳ್ಳುತ್ತಿದ್ದರೆ ಅಲ್ಲೇ ನಿಲ್ಲಿ. ನನ್ನದು ಸದ್ಯ ರಾತ್ರಿ ಕಾಳು ನೆನೆಹಾಕುವುದರಲ್ಲಿ ನಿಂತಿದೆ: ಹಲ್ಲುಜ್ಜುವ ಮುಂಚೆ ಬಟ್ಟಲಿಗೆ ಎರಡು ಹಿಡಿ ಕಾಳು, ಮುಳುಗುವಷ್ಟು ನೀರು, ಮೇಲೊಂದು ತಟ್ಟೆ. ಐದನೇ ವಾರ ನಡೆಯುತ್ತಿದೆ. ಮೊನ್ನೆ ಮಲಗಿದ ಮೇಲೆ ನೆನಪಾಗಿ ಎದ್ದು ಹೋಗಬೇಕಾಯಿತು.